ತಂಡ ಮುಗಿದ ಮೇಲೂ ಅಭಿಮಾನಿಯಾಗಿ ಉಳಿಯುವುದು ಹೇಗೆ

ನಿಮ್ಮ ಫುಟ್‌ಬಾಲ್ ತಂಡ ಕೆಳಗಿನ ಡಿವಿಷನ್‌ಗೆ ಬಿದ್ದಿದೆ. ಅಥವಾ ಮುಚ್ಚಿಯೇ ಹೋಗಿದೆ. ಪ್ರೀತಿ ಕಡಿಮೆಯಾಗಿಲ್ಲ, ಸಿಟ್ಟೂ ಇಳಿದಿಲ್ಲ. ಟೀವಿಯಲ್ಲಿ ಬೇರೆ ಯಾರದೋ ಮ್ಯಾಚ್ ನೋಡುವಾಗಲೂ ಹೊಟ್ಟೆಯಲ್ಲಿ ಏನೋ ಸಂಕಟ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಫ್ಯಾಕ್ಟರಿಯ ಅಕೌಂಟ್ಸ್ ಸೆಕ್ಷನ್‌ನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ನಮ್ಮ ಫ್ಯಾಕ್ಟರಿಗೆ ಒಂದು ತಂಡ ಇತ್ತು. ಈಗ ಇಲ್ಲ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಇದೇ ಕಥೆ ಹೇಳುವ ಫ್ಯಾಕ್ಟರಿ ತಂಡಗಳು ಈ ಊರಿನಲ್ಲಿ ಬೇಕಾದಷ್ಟಿವೆ, ನಿಮ್ಮ ತಂಡದ ಹೆಸರನ್ನೇ ಹಾಕಿಕೊಂಡು ಓದಿ. ಈಚೆಗೆ ಅಭಿಮಾನಿಗಳಾದ ಹುಡುಗರಿಗೂ ಇದು ಬೇಕಾಗುತ್ತದೆ. 2025ರ ಆಗಸ್ಟ್‌ನಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಅನ್ನುವ ಸ್ಥಿತಿ ಬಂತು. ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಆಗ ನಮ್ಮ ಬೀದಿಯ ಹುಡುಗರು ಬಂದು "ಆಂಟಿ, ನಿಮ್ಮ ತಂಡ ಹೋದಾಗ ನೀವೇನು ಮಾಡಿದ್ರಿ?" ಅಂತ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಸಿಟ್ಟು ಬಿಡಿ ಅಂತ ನಾನು ಹೇಳುವುದಿಲ್ಲ. "ಆಟ ತಾನೇ, ಬಿಟ್ಹಾಕಿ" ಅನ್ನುವವರ ಮಾತು ಕೇಳಬೇಡಿ. ಸಿಟ್ಟು ಇರಲಿ, ಆದರೆ ಅದರ ಲೆಕ್ಕ ಸರಿ ಇರಲಿ. ಯಾರ ಮೇಲೆ, ಯಾವುದಕ್ಕೆ, ಎಷ್ಟು ಅನ್ನೋದು ಗೊತ್ತಿದ್ದರೆ ಆ ಸಿಟ್ಟೇ ನಿಮ್ಮನ್ನು ತಂಡದ ಜೊತೆ ಕಟ್ಟಿಹಾಕುತ್ತದೆ. ಅದು ಗೊತ್ತಿಲ್ಲದಿದ್ದರೆ ಸಿಟ್ಟು ಕೊನೆಗೆ ಆಟದ ಮೇಲೇ ತಿರುಗುತ್ತದೆ. ಹಾಗಾದವರನ್ನು ಕಂಡಿದ್ದೇನೆ. ಒಂದು ಕಾಲಕ್ಕೆ ಕೊನೆಯ ಸೀಟಿ ಊದುವ ತನಕ ಗ್ಯಾಲರಿ ಬಿಟ್ಟು ಏಳದಿದ್ದವರು ಈಗ ಗ್ರೌಂಡಿನ ಕಡೆ ತಲೆ ಹಾಕುವುದಿಲ್ಲ.

ದೂರುಗಳನ್ನು ಬೇರೆ ಬೇರೆ ಮಾಡಿ

ಅಕೌಂಟ್ಸ್‌ನಲ್ಲಿ ಸಸ್ಪೆನ್ಸ್ ಖಾತೆ ಅಂತ ಒಂದಿರುತ್ತದೆ. ಯಾವ ಲೆಕ್ಕಕ್ಕೆ ಸೇರಿಸಬೇಕು ಅಂತ ಗೊತ್ತಾಗದ ಹಣವನ್ನು ಸದ್ಯಕ್ಕೆ ಅಲ್ಲಿ ಹಾಕಿಡುತ್ತೇವೆ. ವರ್ಷದ ಕೊನೆಗೆ ಒಂದೊಂದನ್ನೂ ಹುಡುಕಿ ಸರಿಯಾದ ಖಾತೆಗೆ ಹಾಕಬೇಕು. ಅಭಿಮಾನಿಗಳ ದೂರುಗಳೆಲ್ಲ ಹಾಗೆ ಸಸ್ಪೆನ್ಸ್ ಖಾತೆಯಲ್ಲೇ ಬಿದ್ದಿರುತ್ತವೆ. ಅದನ್ನು ಖಾಲಿ ಮಾಡುವುದು ಮೊದಲ ಕೆಲಸ.

ಒಂದು ನೋಟ್‌ಬುಕ್ ತಗೊಳ್ಳಿ. ಒಂದು ದೂರಿಗೆ ಒಂದು ಪುಟ. ಎಡಕ್ಕೆ ಏನಾಯ್ತು ಅಂತ ಬರೆಯಿರಿ. ಬಲಕ್ಕೆ ಅದು ನಿಮಗೆ ಹೇಗೆ ಗೊತ್ತು ಅಂತ ಬರೆಯಿರಿ: ಕಣ್ಣಾರೆ ಕಂಡೆ, ಪೇಪರ್‌ನಲ್ಲಿ ಬಂದಿತ್ತು, ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು. ಪುಟದ ಕೆಳಗೆ, ಆ ನಿರ್ಧಾರ ಯಾರ ಕೈಯಲ್ಲಿತ್ತು ಅನ್ನೋದು. ಈ ಕೊನೆಯ ಸಾಲು ತುಂಬಿಸುವುದೇ ಕಷ್ಟ. ಬೇಗ ತುಂಬಿಸಲು ಹೋಗಬೇಡಿ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೇಳುತ್ತೇನೆ. ಎಡಕ್ಕೆ: "ಕೋಚ್ ಹುಡುಗರನ್ನು ಇಳಿಸಲಿಲ್ಲ, ವಯಸ್ಸಾದವರನ್ನೇ ಆಡಿಸಿದರು." ಇದು ನಮ್ಮ ಗ್ಯಾಲರಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ ದೂರು. ಬಲಕ್ಕೆ: "ಕಣ್ಣಾರೆ ಕಂಡೆ." ನಿಜವೇ. ಡಿಫೆನ್ಸ್‌ನಲ್ಲಿ ತಲೆ ನರೆತವರು ಓಡುತ್ತಿದ್ದರು, ಎದುರಿನ ತಂಡದ ಹತ್ತೊಂಬತ್ತರ ಹುಡುಗ ಪಕ್ಕದಲ್ಲೇ ಹಾದು ಹೋಗುತ್ತಿದ್ದ. ಆದರೆ ಕೆಳಗಿನ ಸಾಲು ಕೋಚ್ ಹತ್ತಿರ ನಿಲ್ಲುವುದಿಲ್ಲ. ಫ್ಯಾಕ್ಟರಿ ತಂಡಕ್ಕೆ ಒಬ್ಬ ಹುಡುಗ ಬರಬೇಕಾದರೆ ಅವನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗಬೇಕು. ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಹಾಜರಿ, ಮಧ್ಯಾಹ್ನದ ಮೇಲೆ ಪ್ರಾಕ್ಟೀಸ್. ಆಟ ನಿಲ್ಲಿಸಿದ ಮೇಲೂ ನಿವೃತ್ತಿಯ ತನಕ ಸಂಬಳ, ಪಿಎಫ್, ಮನೆಯವರಿಗೆಲ್ಲ ಆಸ್ಪತ್ರೆ ಸೌಲಭ್ಯ. ಆಸ್ಟಿನ್ ಟೌನ್, ಗೌತಮಪುರದಂಥ ಕಡೆ ಅಪ್ಪ ಅಮ್ಮ ಮಗನಿಗೆ ಸಾಲ ಮಾಡಿ ಬೂಟು ಕೊಡಿಸುತ್ತಿದ್ದುದು ಈ ಭರವಸೆಯ ಮೇಲೆ. ನೇಮಕಾತಿ ನಿಂತ ದಿನವೇ ತಂಡಕ್ಕೆ ವಯಸ್ಸಾಗಲು ಶುರುವಾಯ್ತು. ಕೋಚ್ ಕೈಯಲ್ಲಿ ಇದ್ದಿದ್ದು ಅಷ್ಟೇ ಜನ. ಆದ್ದರಿಂದ ಆ ಪುಟದ ಕೊನೆಯ ಸಾಲಿನಲ್ಲಿ ಇರುವುದು ನೇಮಕಾತಿ ನಿಲ್ಲಿಸಿದ ತೀರ್ಮಾನ, ಕೋಚ್ ಹೆಸರಲ್ಲ.

ಎಷ್ಟೋ ಸಲ ಕಾರಣ ನಿಮ್ಮ ತಂಡಕ್ಕಿಂತ ದೊಡ್ಡದಿರುತ್ತದೆ. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದಿದ್ದು ನಮ್ಮೂರಿನ ಐಟಿಐ, ಅದೂ ಫೈನಲ್‌ನಲ್ಲಿ ಕೋಲ್ಕತ್ತದ ಮೋಹನ್ ಬಾಗನ್ ತಂಡವನ್ನು ಸೋಲಿಸಿ. ಟೆಲಿಫೋನ್ ತಯಾರಿಸುವ ಫ್ಯಾಕ್ಟರಿಯ ತಂಡ ದೇಶದ ಕಪ್ ಎತ್ತಿದ ಕಾಲ ಅದು. ಎಚ್‌ಎಎಲ್ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ತನಕ ಹೋಗಿ 2012ರಲ್ಲಿ ಕೆಳಗಿಳಿಯಿತು. ಬೇರೆ ಊರಿನ ಖಾಸಗಿ ಕಂಪನಿಗಳ ತಂಡಗಳೂ ಉಳಿಯಲಿಲ್ಲ. ಮುಂಬೈನ ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು, ಪಂಜಾಬಿನ ಜೆಸಿಟಿ 2011ರಲ್ಲಿ. ಜೆಸಿಟಿ ಅಂದ್ರೆ 1996–97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ. ಇವೆಲ್ಲ ನಡೆಯುತ್ತಿದ್ದುದು ಕಂಪನಿಯ ಹಣದಲ್ಲಿ. ಟಿಕೆಟ್ ಮಾರಿ, ಟೀವಿ ಹಣದಲ್ಲಿ ಬದುಕುವ ದಾರಿ ಇರಲಿಲ್ಲ. ಕಂಪನಿಗೆ ಕೈ ಕಟ್ಟಿದ ವರ್ಷ ಕತ್ತರಿ ಮೊದಲು ಬೀಳುವುದು ಆಟಕ್ಕೆ. ಬಜೆಟ್ ಕಾಗದ ಟೈಪ್ ಆಗಿ ಬಂದಾಗ ಆ ಕತ್ತರಿ ಬಿದ್ದ ಸಾಲನ್ನು ನಾನು ಆಫೀಸಿನಲ್ಲಿ ಕೂತು ಓದಿದ್ದೇನೆ. ನೂರಾರು ಜನರ ಭಾನುವಾರಗಳು ಆ ಒಂದು ಸಾಲಿನಲ್ಲಿ ಹೋದವು.

ಇದೆಲ್ಲ ತಿಳಿದ ಮೇಲೆ ಸಿಟ್ಟು ಕಡಿಮೆಯಾಗಬೇಕಿಲ್ಲ. ನಮ್ಮ ತಂಡದ ವಿಷಯದಲ್ಲಿ ನನಗೆ ಕಡಿಮೆಯಾಗಿಲ್ಲ. ಹಣವಿಲ್ಲ ಅಂತ ನಿಲ್ಲಿಸಿದ್ದು ಒಂದು ಮಾತು. ಆದರೆ ಆಟಗಾರರನ್ನು ಕರೆದು ಕೂರಿಸಿ ಹೇಳಲಿಲ್ಲ. ನೋಟಿಸ್ ಬೋರ್ಡಿನಲ್ಲೂ ಹಾಕಲಿಲ್ಲ. ಮುಂದಿನ ಸೀಸನ್‌ಗೆ ತಂಡದ ಹೆಸರು ನೋಂದಾಯಿಸಲೇ ಇಲ್ಲ, ಅಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪುಟ ಇದೆ. ಮೊದಲನೆಯದನ್ನು ಅರ್ಥ ಮಾಡಿಕೊಳ್ಳಬಲ್ಲೆ. ಎರಡನೆಯದನ್ನು ಕ್ಷಮಿಸುವುದಿಲ್ಲ.

ಕಾಗದ ಕೇಳಿ ಪಡೆಯಿರಿ

"ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು" ಅಂತ ಬರೆದ ಪುಟಗಳೇ ಜಾಸ್ತಿ ಇರುತ್ತವೆ. ಅವುಗಳಿಗೆ ಕಾಗದ ಬೇಕು. ನಿಮ್ಮ ತಂಡ ಸರ್ಕಾರಿ ಸಂಸ್ಥೆಯದಾಗಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕೇಂದ್ರದ ಸಂಸ್ಥೆಗೆ ಶುಲ್ಕ 10 ರೂಪಾಯಿ. ಆನ್‌ಲೈನ್‌ನಲ್ಲಿ ಹಾಕಬಹುದು, ಇಲ್ಲವೇ ಪೋಸ್ಟಲ್ ಆರ್ಡರ್ ಜೊತೆಗಿಟ್ಟು ಕಳಿಸಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ, ಅಲ್ಲಿಂದ 30 ದಿನದೊಳಗೆ ಅದೇ ಸಂಸ್ಥೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಪ್ರತಿ ಬೇಕಾದರೆ ಪುಟಕ್ಕೆ 2 ರೂಪಾಯಿ.

ಅರ್ಜಿಯಲ್ಲಿ "ತಂಡ ಯಾಕೆ ಮುಚ್ಚಿದಿರಿ?" ಅಂತ ಕೇಳಬೇಡಿ. ಈ ಕಾಯ್ದೆ ಇರುವ ದಾಖಲೆ ಕೊಡಿಸುತ್ತದೆ, ಕಾರಣ ಹೇಳಿಸುವುದಿಲ್ಲ. "ಯಾಕೆ" ಅಂತ ಕೇಳಿದ ಅರ್ಜಿಗೆ ಒಂದೇ ಸಾಲಿನಲ್ಲಿ ಇಲ್ಲ ಅಂದುಬಿಡುತ್ತಾರೆ. ಹೀಗೆ ಬರೆಯಿರಿ: "ಇಂಥ ವರ್ಷದಿಂದ ಇಂಥ ವರ್ಷದವರೆಗೆ ಕ್ರೀಡೆಗೆ ಮಂಜೂರಾದ ಹಣ ಮತ್ತು ಖರ್ಚಾದ ಹಣ, ವರ್ಷವಾರು." "ಅದೇ ಅವಧಿಯಲ್ಲಿ ಸ್ಪೋರ್ಟ್ಸ್ ಕೋಟಾದಲ್ಲಿ ಆದ ನೇಮಕಾತಿಗಳ ಸಂಖ್ಯೆ, ವರ್ಷವಾರು." "ಫುಟ್‌ಬಾಲ್ ತಂಡ ನಿಲ್ಲಿಸುವ ಬಗ್ಗೆ ಹೊರಡಿಸಿದ ಆದೇಶ ಅಥವಾ ಸಭೆಯ ನಡಾವಳಿಯ ಪ್ರತಿ." ಒಂದು ಅರ್ಜಿಯಲ್ಲಿ ಇಷ್ಟು ಸಾಕು. ಬೈಗುಳ ಬೇಡ, ಹಳೆಯ ಗೆಲುವಿನ ವರ್ಣನೆಯೂ ಬೇಡ. ಆ ಕಾಗದ ಓದುವ ಗುಮಾಸ್ತರೂ ನಿಮ್ಮ ಹಾಗೆ ಗ್ಯಾಲರಿಯಲ್ಲಿ ಕೂತಿದ್ದವರೇ ಇರಬಹುದು. ಕೇಳಿದ್ದು ಸ್ಪಷ್ಟವಾಗಿದ್ದರೆ ಫೈಲ್ ಹುಡುಕಿ ಕೊಡುತ್ತಾರೆ.

ಸಂಘವಾಗಿ ನೋಂದಾಯಿಸಿದ ಕ್ಲಬ್ ಆದರೆ ಸಂಘಗಳ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಪೂರ್ತಿ ಖಾಸಗಿ ತಂಡವಾದರೆ ಹಳೆಯ ಪತ್ರಿಕೆಗಳೇ ಗತಿ.

ಬೇಡಿಕೆ ಒಂದೇ ಇರಲಿ

ಇದು ನನಗೆ ತುಂಬ ಮುಖ್ಯವಾದ ವಿಷಯ. ದೂರು ಎಷ್ಟೇ ಇರಲಿ, ಹೊರಗೆ ಕೇಳುವುದು ಒಂದನ್ನೇ ಕೇಳಿ.

1889ರಲ್ಲಿ ಶುರುವಾದ ಮೋಹನ್ ಬಾಗನ್ ಕ್ಲಬ್ಬಿನ ಫುಟ್‌ಬಾಲ್ ತಂಡ 2020ರಲ್ಲಿ ಅದೇ ಊರಿನ ಎಟಿಕೆ ಅನ್ನುವ ಇನ್ನೊಂದು ತಂಡದ ಜೊತೆ ಸೇರಿಹೋಯಿತು. ಹೆಸರು ಎಟಿಕೆ ಮೋಹನ್ ಬಾಗನ್ ಅಂತಾಯ್ತು. ಅಲ್ಲಿನ ಅಭಿಮಾನಿಗಳಿಗೆ ದೂರು ಕಡಿಮೆ ಇರಲಿಲ್ಲ. ಆದರೆ ಬೀದಿಯಲ್ಲಿ, ಸ್ಟ್ಯಾಂಡಿನಲ್ಲಿ ಅವರು ಪಟ್ಟು ಹಿಡಿದಿದ್ದು ಒಂದಕ್ಕೇ: ಹೆಸರಿನಿಂದ ಎಟಿಕೆ ತೆಗೆಯಿರಿ. ತಂಡ ಗೆದ್ದಾಗಲೂ ಅದೇ, ಸೋತಾಗಲೂ ಅದೇ. 2023ರ ಮಾರ್ಚ್ 18ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್ ಇತ್ತು. ನಮ್ಮ ಬೆಂಗಳೂರು ಎಫ್‌ಸಿ ಎಟಿಕೆ ಮೋಹನ್ ಬಾಗನ್ ಎದುರು ಪೆನಾಲ್ಟಿಯಲ್ಲಿ ಸೋತ ಆ ರಾತ್ರಿಯೇ ಆ ತಂಡದ ಮಾಲೀಕ ಸಂಜೀವ್ ಗೋಯೆಂಕಾ ಹೆಸರು ಬದಲಾಯಿಸುತ್ತೇವೆ ಅಂತ ಹೇಳಿದರು. ಸೋಲಿನ ನೋವಿನಲ್ಲೂ ನಾನು ಆ ಜನರನ್ನು ಮೆಚ್ಚಿಕೊಂಡೆ. ಕಪ್ ಗೆದ್ದ ತಂಡದ ಮಾಲೀಕರು ಅಭಿಮಾನಿಗಳ ಮಾತು ಕೇಳಬೇಕಾಯ್ತು, ಅಲ್ವಾ?

ಇನ್ನೊಂದು ಇಂಗ್ಲೆಂಡಿನದು. 1988ರಲ್ಲಿ ಎಫ್‌ಎ ಕಪ್ ಗೆದ್ದಿದ್ದ ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು 2003ರಲ್ಲಿ ಮಿಲ್ಟನ್ ಕೀನ್ಸ್ ಅನ್ನುವ ಬೇರೆ ಊರಿಗೇ ಎತ್ತಿಕೊಂಡು ಹೋದರು. ಅದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಆ ವರ್ಷವೇ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಅಂತ ಸ್ವಂತ ಕ್ಲಬ್ ಕಟ್ಟಿ ತುಂಬ ಕೆಳಗಿನ ಲೀಗಿನಿಂದ ಶುರು ಮಾಡಿದರು. 2011ರಲ್ಲಿ ನಾಲ್ಕನೇ ಹಂತದ ಲೀಗ್ ತಲುಪಿದರು. 2020ರಲ್ಲಿ ತಮ್ಮ ಹಳೆಯ ಮೈದಾನ ಇದ್ದ ಪ್ಲೌ ಲೇನ್ ರಸ್ತೆಗೇ ವಾಪಸ್ ಬಂದರು. ಇದು ಎಲ್ಲರೂ ಹೇಳುವ ಕಥೆ. ನನ್ನ ಮನಸ್ಸಿಗೆ ಹತ್ತಿರವಾದದ್ದು ನಡುವಿನ ಒಂದು ಸಂಗತಿ. ಹಳೆಯ ಕ್ಲಬ್ಬಿನ ಚರಿತ್ರೆ, ಅದರ ಟ್ರೋಫಿಗಳು ತಮ್ಮ ಊರಿಗೆ ಸೇರಿದ್ದು ಅನ್ನುವ ವಾದ ಅವರು ಬಿಡಲಿಲ್ಲ. 2007ರಲ್ಲಿ ಆ ವಸ್ತುಗಳು ವಿಂಬಲ್ಡನ್ ಸೇರಿರುವ ಮರ್ಟನ್ ಆಡಳಿತದ ಕೈಗೆ ವಾಪಸ್ ಬಂದವು.

ನಮ್ಮಲ್ಲಿ ಫ್ಯಾಕ್ಟರಿ ತಂಡವನ್ನು ಅಭಿಮಾನಿಗಳು ಮತ್ತೆ ಕಟ್ಟುವುದು ಆಗದ ಮಾತು. ಸ್ಪೋರ್ಟ್ಸ್ ಕೋಟಾ ಕೆಲಸ ಕೊಡಲು ನಮ್ಮ ಕೈಯಲ್ಲೇನಿದೆ? ಆಗದ್ದನ್ನು ಕೇಳುತ್ತಾ ಕೂತರೆ ಜನ ಕರಗಿಹೋಗುತ್ತಾರೆ. ಆಗುವಂಥದ್ದೊಂದನ್ನು ಆರಿಸಿಕೊಳ್ಳಿ.

ಬಿಟ್ಟುಹೋದ ಆಟಗಾರರ ಬಗ್ಗೆ

ಅಭಿಮಾನಿಗಳ ಸಿಟ್ಟು ಅತಿ ಬೇಗ ತಿರುಗುವುದು ಆಟಗಾರರ ಕಡೆ, ಅದರಲ್ಲೂ ಕಷ್ಟಕಾಲದಲ್ಲಿ ಬೇರೆ ತಂಡಕ್ಕೆ ಹೋದವರ ಕಡೆ. ನನಗೆ ಇದರಲ್ಲಿ ಬೇರೆ ಅಭಿಪ್ರಾಯವಿದೆ, ಯಾಕಂದ್ರೆ ಅವರ ಟಿಎ ಬಿಲ್ಲುಗಳು ನನ್ನ ಟೇಬಲ್ಲಿಗೆ ಬರುತ್ತಿದ್ದವು. ಎರಡು ರಾತ್ರಿ ರೈಲಿನಲ್ಲಿ ಸ್ಲೀಪರ್ ಕ್ಲಾಸ್, ಇಳಿದ ಮಾರನೇ ದಿನ ಮ್ಯಾಚ್, ದಿನದ ಭತ್ಯೆಯಲ್ಲಿ ಎರಡು ಊಟ ಕಷ್ಟ. ನಮ್ಮ ಲೆಫ್ಟ್ ವಿಂಗರ್ ಒಬ್ಬ ಬಿಲ್ಲಿಗೆ ಸಹಿ ಹಾಕಲು ಬಂದಾಗ ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿದ್ದ. ಪ್ಯಾಂಟಿನ ಮೇಲೇ ಅದರ ದಪ್ಪ ಕಾಣುತ್ತಿತ್ತು. ಕೂತ್ಕೊಳಪ್ಪ ಅಂದರೆ "ಕೂತ್ರೆ ಏಳೋಕಾಗಲ್ಲ ಅಕ್ಕಾ" ಅಂದ. ನಿಂತೇ ಸಹಿ ಹಾಕಿದ. ಆಮೇಲೆ ಮೆಲ್ಲಗೆ ಹೇಳಿದ: "ಇನ್ನೂ ಟೆಂಪರರಿ ಅಂತಾನೇ ಇಟ್ಟಿದ್ದಾರೆ ಅಕ್ಕಾ. ಮನೆಯಲ್ಲಿ ತಂಗಿ ಮದುವೆ ಇದೆ. ಎಷ್ಟು ದಿನ ಅಂತ ಕಾಯ್ಲಿ?" ಮುಂದಿನ ಸೀಸನ್ ಅವನು ಬೇರೆ ಜೆರ್ಸಿಯಲ್ಲಿ ನಮ್ಮ ಮೇಲೇ ಗೋಲು ಹೊಡೆದ. ಗ್ಯಾಲರಿ ಅವನಿಗೆ ಏನೇನೋ ಅಂದಿತು. ನಾನು ಚಪ್ಪಾಳೆ ಹೊಡೆದೆ.

ಅನ್ನಕ್ಕಾಗಿ ಹೋದವರಿಗೆ ನೋಟ್‌ಬುಕ್ಕಿನಲ್ಲಿ ಪುಟ ಕೊಡಬೇಡಿ. ಎದುರು ಸಿಕ್ಕರೆ ನಿಲ್ಲಿಸಿ ಮಾತಾಡಿಸಿ, ಅವರು ಹೊಡೆದ ಒಂದು ಗೋಲನ್ನು ನೆನಪಿಸಿ. ಆಟ ಬಿಟ್ಟ ಆಟಗಾರನಿಗೆ ತನ್ನ ಗೋಲು ಇನ್ನೊಬ್ಬರ ಬಾಯಲ್ಲಿ ಕೇಳುವುದಕ್ಕಿಂತ ದೊಡ್ಡ ಸನ್ಮಾನ ಇಲ್ಲ. ಅವರ ಮಕ್ಕಳು ಜೊತೆಗಿದ್ದರೆ ಇನ್ನೂ ಜೋರಾಗಿ ಹೇಳಿ.

ಹೊಸ ಕ್ಲಬ್ಬಿಗೆ ಮನಸ್ಸು ಕೊಡಬಹುದಾ

ಕೊಡಬಹುದು. ಹಳೆಯವರಲ್ಲಿ ಇದನ್ನು ದ್ರೋಹ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬೆಂಗಳೂರು ಎಫ್‌ಸಿ 2013ರಲ್ಲಿ ಬಂತು. ಮೊದಲ ಸೀಸನ್‌ನಲ್ಲಿ ನಮ್ಮ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲೇ ಆಡಿ ಐ-ಲೀಗ್ ಗೆದ್ದಿತು. ಅಷ್ಟು ಜನ, ಅಷ್ಟು ಹಾಡು, ಅಷ್ಟು ಹೆಣ್ಣುಮಕ್ಕಳು ಆ ಗ್ಯಾಲರಿಯಲ್ಲಿ! ಖುಷಿಯಾಗಿತ್ತು ನನಗೆ. ಕಂಠೀರವಕ್ಕೆ ಹೋದ ಮೇಲೂ ಹೋಗಿ ನೋಡಿದ್ದೇನೆ. ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರ ಅನ್ನಿಸುತ್ತದೆ, ಅಷ್ಟೇ.

ಒಂದು ಷರತ್ತು ಮಾತ್ರ ಇಟ್ಟುಕೊಳ್ಳಿ. ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಶುರುವಾಯ್ತು ಅಂತ ಯಾರಾದರೂ ಅಂದರೆ ಸುಮ್ನೆ ಕೂರಬೇಡಿ. ಜಗಳ ಬೇಡ, ವಿಷಯ ಹೇಳಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ, ಅಲ್ಲಿಯವರೆಗೆ ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲೇ ಇದ್ದ ರೋವರ್ಸ್ ಕಪ್ ಗೆದ್ದು ತಂದಿತ್ತು. ಮರುವರ್ಷ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ಎಸ್. ರಾಮನ್ ಈ ಊರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನವರು ಇವತ್ತಿಗೂ ನೆನೆಯುವ ಅಹ್ಮದ್ ಖಾನ್ ಈ ಊರಿನವರು. ಗೌತಮಪುರದಲ್ಲಿ ಪೆಲೆ ಪ್ರತಿಮೆ ಸುಮ್ನೆ ನಿಂತಿಲ್ಲ.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಚೆಟ್ರಿ ಫ್ರೀಕಿಕ್ ಗೋಲು ಹೊಡೆದಾಗ, ಅದನ್ನು ಒಪ್ಪದ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರಟುಹೋಯಿತು. ಊರೆಲ್ಲ ಅದೇ ಮಾತು. ಮಾರನೇ ದಿನ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ಮೇಲೆ. ಹಿಂದೆ ಗೆದ್ದಾಗ ನಮ್ಮದು ಮೈಸೂರು ರಾಜ್ಯ. ಅದರ ಬಗ್ಗೆ ನಮ್ಮ ಬೀದಿಯಲ್ಲಿ ಮಾತಾಡಲು ನನಗೆ ಜನ ಸಿಗಲಿಲ್ಲ. ಈ ಬೇಸರಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದೆ, ಕೆಳಗಿನ ಸಾಲಿನಲ್ಲಿ ಯಾರ ಹೆಸರೂ ಇಲ್ಲ.

ಗ್ರೌಂಡಿಗೆ ಹೋಗುವುದನ್ನು ಬಿಡಬೇಡಿ

ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ಗರುಡಾ ಮಾಲ್ ಕಡೆ ನಡೆದರೆ ಅಶೋಕನಗರದ ಸ್ಟೇಡಿಯಂ. ಜಿಲ್ಲಾ ಲೀಗಿನ ಮ್ಯಾಚುಗಳ ವೇಳಾಪಟ್ಟಿ ನೋಡಿಕೊಂಡು ಹೋಗಿ. ಸೂಪರ್ ಡಿವಿಷನ್ ಮಾತ್ರ ಅಲ್ಲ, ಎ ಮತ್ತು ಬಿ ಡಿವಿಷನ್ ಕೂಡ ನೋಡಿ. ಅಲ್ಲಿ ಜನ ಕಡಿಮೆ, ಆಟಗಾರರ ಮಾತು ಗ್ಯಾಲರಿ ತನಕ ಕೇಳಿಸುತ್ತದೆ. ಒಬ್ಬ ಹುಡುಗನನ್ನು ಆರಿಸಿಕೊಂಡು ಇಡೀ ಸೀಸನ್ ಅವನನ್ನೇ ಗಮನಿಸಿ. ಹಳೆಯ ತಂಡದ ಜಾಗ ತುಂಬುವುದಿಲ್ಲ, ಆದರೆ ಮತ್ತೆ ಬರಲು ಒಂದು ನೆಪ ಸಿಗುತ್ತದೆ. ಹೆಂಗಸರು ಮೊದಲ ಸಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಲ್ಲಿ ಬರುವ ಹಿರಿಯರು ಮರ್ಯಾದೆಯಿಂದ ಜಾಗ ಬಿಟ್ಟು ಕೊಡುತ್ತಾರೆ. ಕಡ್ಲೆಕಾಯಿ ಪೊಟ್ಟಣ ಇದ್ದರೆ ಪಕ್ಕದವರಿಗೂ ಕೊಡಿ, ಹಳೆಯ ಮ್ಯಾಚುಗಳ ಮಾತು ತಾನಾಗಿ ಶುರುವಾಗುತ್ತದೆ.

ಆ ಮಾತುಗಳನ್ನು ಬರೆದಿಟ್ಟುಕೊಳ್ಳಿ. ಹಳೆಯ ಗ್ರೂಪ್ ಫೋಟೋ ಸಿಕ್ಕರೆ ಹಿಂಭಾಗದಲ್ಲಿ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಿರಿ, ಎಡದಿಂದ ಬಲಕ್ಕೆ, ಪೆನ್ ಬೇಡ, ಇಂಕು ಮುಂದಕ್ಕೆ ಒಸರುತ್ತದೆ. ನಿಂತವರ, ಕೂತವರ ಜೊತೆಗೆ ನೆಲದ ಮೇಲೆ ಕೂತಿರುವ ಬಾಲ್ ಬಾಯ್, ಪಕ್ಕದ ಗ್ರೌಂಡ್ಸ್‌ಮನ್ ಹೆಸರೂ ಕೇಳಿ. ಅವು ಬೇರೆ ಎಲ್ಲೂ ಸಿಗುವುದಿಲ್ಲ.

ಈಗ ನಮ್ಮ ಒಂದು ಬೇಡಿಕೆ. ನಮ್ಮ ತಂಡ ಗೆದ್ದ ಕಪ್ಪುಗಳು, ಶೀಲ್ಡುಗಳು ಫ್ಯಾಕ್ಟರಿಯ ಸ್ಟೋರಿನಲ್ಲಿ ಗೋಣಿ ಸುತ್ತಿಕೊಂಡು ಬಿದ್ದಿವೆ. ಅವನ್ನು ಹೊರಗೆ ತಂದು, ಮೇನ್ ಗೇಟಿನ ಹತ್ತಿರದ ರಿಸೆಪ್ಷನ್‌ನಲ್ಲಿ ಗಾಜಿನ ಬೀರುವಿನಲ್ಲಿ ಇಡಬೇಕು. ಪಕ್ಕದಲ್ಲಿ ಆಟಗಾರರ ಹೆಸರಿನ ಫಲಕ. ಇಷ್ಟೇ ಕೇಳಿದ್ದೇವೆ. ಬೀರುವಿನ ಖರ್ಚು ನಾವೇ ಹಾಕಿಕೊಳ್ಳುತ್ತೇವೆ ಅಂತಲೂ ಬರೆದಿದ್ದೇವೆ. ಇಂಥ ಪತ್ರ ಕೊಡುವಾಗ ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಯೂನಿಯನ್‌ಗೂ ಆಫೀಸರ್ಸ್ ಅಸೋಸಿಯೇಷನ್‌ಗೂ ಪ್ರತಿ ಕಳಿಸಿ. ನಮ್ಮ ಮೊದಲ ಪತ್ರಕ್ಕೆ ಉತ್ತರ ಬಂದಿಲ್ಲ. ಎರಡನೆಯದು ಸಿದ್ಧವಾಗುತ್ತಿದೆ. ನಮ್ಮ ಜೊತೆ ಕೆಲಸ ಮಾಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಬಂದು ಸಹಿ ಹಾಕಿ. ಸಹಿಯ ಕೆಳಗೆ ನಿಮ್ಮ ಹಳೆಯ ಸ್ಟಾಫ್ ನಂಬರ್ ಬರೆಯಲು ಮರೆಯಬೇಡಿ, ನಂಬರ್ ಇಲ್ಲದ ಸಹಿಯನ್ನು ಆಫೀಸಿನಲ್ಲಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ.